ಒಂದೇ ಉಸಿರಿನ ಮಾತು

ಚಹಾ ಆರಿ ಕೆನೆ ಕಟ್ಟಿತ್ತು. ಸಾವಿತ್ರೆವ್ವ ಅದನ್ನು ಮುಟ್ಟಿರಲಿಲ್ಲ. ಗದಗಿನ ಬಸ್‌ಸ್ಟ್ಯಾಂಡಿನಿಂದ ಆಕೆಯನ್ನು ತನ್ನ ಟಂಟಂ ಆಟೋದಲ್ಲಿ ಕರೆತಂದಿದ್ದ ದುರ್ಗೇಶ ಬಾಗಿಲ ಬಳಿ ನಿಂತು, ಹೋಗಲೋ ಇರಲೋ ಎಂದು ಒದ್ದಾಡುತ್ತಿದ್ದ. ಬಾಡಿಗೆ ಸಿಗುವ ಹೊತ್ತು ಅದು. ಆದರೆ ಗಾಳೆಪ್ಪನ ಮನೆಗೆ ಇಂಥ ಮುಖ ಹೊತ್ತು ಯಾರಾದರೂ ಬಂದರೆ ದುರ್ಗೇಶನಿಗೆ ಕಾಲು ಕೀಳಲಾಗುತ್ತಿರಲಿಲ್ಲ. ಹದಿನಾರು ವರ್ಷದಿಂದ ಇದೇ ಪಾಡು, ಅದಕ್ಕೆ ಮನೆಯಲ್ಲಿ ಬೈಗುಳ ಬೇರೆ.

"ಹೇಳವ್ವ," ಎಂದ ಗಾಳೆಪ್ಪ.

"ನಮ್ಮಪ್ಪ ತೀರಿಕೊಂಡು ಇವತ್ತಿಗೆ ಒಂಬತ್ತು ದಿನಾ ಆತ್ರಿ, ಕಾಕಾರ. ನನಗ ಅಳು ಬರವಲ್ದು. ಮಣ್ಣಿಗೆ ಬಂದಾಗೂ ಬರಲಿಲ್ಲ. ಕೈ ಚಿವುಟಿಕೊಂಡು ನೋಡೀನಿ, ಅದೂ ತಿಳಿಯವಲ್ದು."

ಸಂತೆಯ ಚೀಟಿ ಓದುವ ಹಾಗೆ ಅಂದಳು. ವಯಸ್ಸು ಅರವತ್ತೊಂದು. ಮುಂಡರಗಿಯಲ್ಲಿ ಗಂಡನ ಮನೆ. ತಂದೆ ಯಾರೆಂದು ಕೇಳುವ ಹಾಗೇ ಇರಲಿಲ್ಲ. ಹಿರೇಹಂದಿಗೋಳದ ಸಕ್ರಪ್ಪ ಎಂದರೆ ಈ ಸೀಮೆಯಲ್ಲಿ ಐವತ್ತು ದಾಟಿದ ಯಾರಿಗೂ ಗೊತ್ತು. 'ಮುದುಕ ಸಕ್ರಪ್ಪ' ಎಂದೇ ಹೆಸರು. ಆ ಹೆಸರು ಬಂದಾಗ ಆತನಿಗೆ ಇಪ್ಪತ್ತಾರು ವರ್ಷ! ನಾಟಕ ಕಂಪನಿಯಲ್ಲಿ ಅಜ್ಜನ ಪಾತ್ರ ಮಾಡುವವನು ಒಂದು ದಿನ ಜ್ವರ ಬಂದು ಮಲಗಿದ. ಸಕ್ರಪ್ಪ ಎರಡೂ ದವಡೆಗೆ ಹತ್ತಿಯ ಉಂಡೆ ಇಟ್ಟುಕೊಂಡು ರಂಗಕ್ಕೆ ಹೋದ. ಅಷ್ಟೇ, ಅಲ್ಲಿಂದ ಮುಂದೆ ಯಾರೂ ಆತನಿಗೆ ಹರೆಯದ ಪಾತ್ರ ಕೊಡಲಿಲ್ಲ. ಮದ್ರಾಸಿನ ಸ್ಟುಡಿಯೋಗಳಲ್ಲಿ ಪೂಜಾರಿ, ಪೋಸ್ಟ್‌ಮಾಸ್ತರ, ಕಾವಲುಗಾರ, ನಾಯಕಿಯ ಅಪ್ಪ. ತನಗಿಂತ ಹತ್ತು ವರ್ಷ ದೊಡ್ಡವನಾದ ನಾಯಕನಿಗೂ ಈತನೇ ತಂದೆ. ಧಾರವಾಡದ ರೇಡಿಯೋದಲ್ಲಂತೂ ಆ ನಡುಗುವ ದನಿ ಬಂದರೆ ಹೊಲದಿಂದ ಬಂದವರು ಕೈಕಾಲು ತೊಳೆಯದೆ ಕೂತು ಕೇಳುತ್ತಿದ್ದರಂತೆ. ಖರೇ ಮುದುಕನಾಗಿ, ತೊಂಬತ್ತೆರಡಕ್ಕೆ, ಬೆಟಗೇರಿಯ ಮನೆಯಲ್ಲಿ ಗುರುವಾರ ಬೆಳಗಿನ ಜಾವ ಹೋಗಿದ್ದ.

"ಮಂಗಳವಾರ ಸಂಜಿಗೆ ಅಪ್ಪ ತಾನ ಫೋನ್ ಮಾಡಿದ್ದ," ಎಂದಳು ಸಾವಿತ್ರೆವ್ವ. "ಉಬ್ಬಸ ಜಾಸ್ತಿ ಆಗಿತ್ತು. ಎರಡ ಮಾತಿಗೊಮ್ಮೆ ನಿಂತು ಉಸರು ತಗೋತಿದ್ದ. 'ಬಾ ಯವ್ವಾ, ನಿಮ್ಮನಿಗೆ ಕರಕೊಂಡು ಹೋಗು' ಅಂದ. ನಾಳೆ ಬರ್ತೀನಂದೆ. ಬುಧವಾರ ಬ್ಯಾಗ ತುಂಬಿ ಚಪ್ಪಲಿ ಹಾಕೋದ್ರಾಗಿದ್ದೆ, ಹನ್ನೊಂದಕ್ಕ ಅವನ ನಂಬರಿನಿಂದ ಇದು ಬಂತು."

ಸೆರಗಿನ ಒಳಗಿಂದ ಫೋನ್ ತೆಗೆದು ಒತ್ತಿದಳು. ಕೋಣೆಯೊಳಗೆ ಸತ್ತವನ ದನಿ ಎದ್ದಿತು.

'ಬರಬ್ಯಾಡ ಮಗಳ, ಈ ಮನಿ ಹೊಸ್ತಲಾ ತುಳೀಬ್ಯಾಡ, ದಾರಿ ಕಾಯಾಕ ನನಗ ಕಣ್ಣಿಲ್ಲ, ಹೆಸರು ಹಿಡದು ಕರಿಯಾಕ ಬಾಯಿಲ್ಲ, ನನಗೊಬ್ಬಾಕಿ ಮಗಳಿದ್ದಳು ಅನ್ನೋದನ್ನ ನಾ ಮರ್ತು ಭಾಳ ದಿನಾ ಆತು, ನಿನ್ನ ಮನಿ ನಿನಗ, ನನ್ನ ಮಣ್ಣು ನನಗ!'

ದುರ್ಗೇಶ ಬಾಗಿಲಿಂದ ಒಂದು ಹೆಜ್ಜೆ ಹಿಂದೆ ಸರಿದ. ಗಾಳೆಪ್ಪ ಮಾತ್ರ ಕಣ್ಣು ಮುಚ್ಚಿ, "ಇನ್ನೊಮ್ಮೆ," ಎಂದ. ಮತ್ತೂ ಒಮ್ಮೆ ಎಂದ. ಮೂರನೆಯ ಸಲ ದುರ್ಗೇಶ ನೋಡಿದ: ಗಾಳೆಪ್ಪನ ತುಟಿ ಅಲುಗುತ್ತಿದ್ದವು, ಫೋನಿನ ದನಿಗಿಂತ ಒಂದು ಕೂದಲೆಳೆ ಮುಂಚೆ. ಎಂಬತ್ತಾಯಿತಲ್ಲ, ಬಾಯಿ ತನ್ನಷ್ಟಕ್ಕೆ ಗೊಣಗುತ್ತದೆ ಎಂದುಕೊಂಡು ಸುಮ್ಮನಾದ.

"ದನಿ ಅಪ್ಪಂದ?"

"ಅವಂದ ರೀ. ಅದರಾಗ ಅನುಮಾನಿಲ್ಲ. ಒಂದ ಸಲಾನೂ ಯವ್ವಾ ಅನ್ನಲಿಲ್ಲ, ನೋಡ್ರಿ. ಹುಟ್ಟಿದಾಗಿಂದ ನನ್ನ ಯವ್ವಾ ಬಿಟ್ಟು ಬ್ಯಾರೆ ಕರದವನಲ್ಲ. ಅಷ್ಟು ಸಿಟ್ಟು ಯಾಕ ಬಂತೋ. ನಾ ಬ್ಯಾಗ ಅಲ್ಲೇ ಇಟ್ಟು ಕುಂತುಬಿಟ್ಟೆ." ಫೋನನ್ನು ಸೆರಗಿನೊಳಗೆ ಇಟ್ಟುಕೊಂಡು ಅಂದಳು: "ನನಗ ಬ್ಯಾರೆ ಏನೂ ಬ್ಯಾಡ್ರಿ. ಅಪ್ಪ ಇದನ್ನ ಖರೇನ ಅಂದ್ನೋ ಇಲ್ಲೋ, ಅಷ್ಟ ತಿಳೀಬೇಕು. ಅಂದಿದ್ದರೂ ಆತು. ತಿಳದ್ರ ಸಾಕು."

"ನಾಡದು ಐತವಾರ ಬೆಟಗೇರಿಗೆ ಬಾ," ಎಂದ ಗಾಳೆಪ್ಪ. "ಹೇಳ್ತೀನಿ."

ಈ ಗಾಳೆಪ್ಪ ಪೊಲೀಸನೂ ಅಲ್ಲ, ವಕೀಲನೂ ಅಲ್ಲ. ನಲವತ್ತು ವರ್ಷ ನಾಟಕ ಕಂಪನಿಗಳಲ್ಲಿ ಪರದೆಯ ಹಿಂದೆ ಪುಸ್ತಕ ಹಿಡಿದು ನಿಂತು, ಮಾತು ಮರೆತ ನಟರಿಗೆ ಮಾತು ಎತ್ತಿಕೊಟ್ಟವನು. ಯಾರು ತಮ್ಮ ಮಾತು ಆಡುತ್ತಾರೆ, ಯಾರು ಕಲಿತ ಮಾತು ಒಪ್ಪಿಸುತ್ತಾರೆ ಎಂದು ಆ ಕಿವಿಗೆ ತಟ್ಟನೆ ತಿಳಿಯುತ್ತಿತ್ತು. ಕಂಪನಿಗಳು ಮುಚ್ಚಿದ ಮೇಲೆ ಊರಿನವರ ಕಳುವು, ಹೆಸರಿಲ್ಲದ ಪತ್ರ, ಬಗೆಹರಿಯದ ಜಗಳ ಎಲ್ಲ ಆತನ ಕಟ್ಟೆಗೆ ಬರತೊಡಗಿದವು. ಊರಿಗೆ ಊರೇ ಹೊಗಳುವ ಅವನ ಬುದ್ಧಿಗೆ ಡೀಸೆಲ್ ಹಾಕುವವನು ಮಾತ್ರ ದುರ್ಗೇಶ.

ಮರುದಿನ ಬೆಟಗೇರಿಯಲ್ಲಿ ಸಕ್ರಪ್ಪನ ಮನೆಯ ಹೊಸ್ತಿಲು ದಾಟಿದ್ದೇ ದುರ್ಗೇಶ ಕಿವಿ ಮುಚ್ಚಿಕೊಂಡ. ನಡುಗೋಡೆಯ ಆಚೆ ಪಕ್ಕದ ಮನೆಯ ಮಗ್ಗ ಖಟಕ್ ಖಟಕ್ ಎಂದು ಬಡಿಯುತ್ತಿತ್ತು. ಸಕ್ರಪ್ಪ ಮಲಗುತ್ತಿದ್ದ ಕೋಣೆಯ ಗೂಡಿನಲ್ಲಿ ಎರಡು ಹಿತ್ತಾಳೆ ಲೋಟ, ಉಬ್ಬಸದ ಪಂಪು ಎಲ್ಲ ಅದರ ಹೊಡೆತಕ್ಕೆ ನಡುಗುತ್ತಿದ್ದವು. ಗೋಡೆಯ ಮೇಲೆ ಫೋಟೋಗಳ ಸಾಲು: ಇಪ್ಪತ್ತೆಂಟರ, ಮೂವತ್ತರ, ಮೂವತ್ತೈದರ ಸಕ್ರಪ್ಪ, ಎಲ್ಲದರಲ್ಲೂ ಬಿಳಿ ಗಡ್ಡ.

ಮನೆಯಲ್ಲಿದ್ದವನು ಹನಮಂತ, ಸಕ್ರಪ್ಪನ ತಮ್ಮನ ಮಗ. ಐವತ್ತರ ಆಸುಪಾಸಿನ ಸಣಕಲು ಮನುಷ್ಯ. ಮದುವೆ ಆಗಿಲ್ಲ. ಇಪ್ಪತ್ತೆರಡು ವರ್ಷದಿಂದ ದೊಡ್ಡಪ್ಪನ ಮೈ ತೊಳೆದು ಅನ್ನ ಕಲಸಿ ಕೊಟ್ಟವನು ಅವನೇ.

"ಬುಧವಾರ ನೀ ಎಲ್ಲಿದ್ದಿ?" ಗಾಳೆಪ್ಪ ಕೂಗಿ ಕೇಳಬೇಕಾಯಿತು.

"ಹತ್ತೂವರಿಗೆ ಮಲ್ಲಸಮುದ್ರಕ್ಕ ಹೋಗಿದ್ನಿರಿ, ಅಲ್ಲೊಬ್ರು ಉಬ್ಬಸಕ್ಕ ಔಷಧ ಕೊಡ್ತಾರ. ಹನ್ನೆರಡೂವರಿಗೆ ಬಂದೆ."

"ಅಜ್ಜನ ಫೋನು?"

"ಅವನ ತೆಲಿದಿಂಬಿನ ಬುಡಕ ಇತ್ತು. ಒತ್ತಿ ಮಾತಾಡೋದು ಅವಗ ಚೊಲೋ ಬರ್ತಿತ್ತು, 'ಕೈಯಾಗಿನ ರೇಡಿಯೋ' ಅಂತಿದ್ದ. ನಾ ಇಲ್ಲದಾಗ ಏನು ತೆಲಿಗೆ ಬಂತೋ, ಅಕ್ಕಗ ಹಂಗ ಅಂದುಬಿಟ್ಟ." ಹನಮಂತ ಗೋಡೆ ನೋಡುತ್ತ ಮಾತಾಡಿದ. ಅವನ ಮುಖದಲ್ಲೂ ಏನೂ ಇರಲಿಲ್ಲ. ಹಾಸಿಗೆಯ ಮೇಲೆ ಮುದುಕನ ಅಂಗಿ ಒಗೆದು ಮಡಚಿ ಇಟ್ಟಿದ್ದ, ನಾಳೆ ಹಾಕಿಸುವವನಂತೆ.

ಪಕ್ಕದ ಮನೆಯ ಕಸ್ತೂರೆವ್ವ ಗಾಳೆಪ್ಪನನ್ನು ಕಂಡು ಮಗ್ಗ ನಿಲ್ಲಿಸಿದಳು. ಆ ನಿಶ್ಶಬ್ದದಲ್ಲಿ ದುರ್ಗೇಶನ ಕಿವಿ ಗುಂಯ್ ಎಂದವು.

"ಬುಧವಾರ ಮಗ್ಗ ಹಾಕಿದ್ದಿಲ್ಲೇನವ್ವ?"

"ಹಾಕದ ಬಿಡಾಕ ಆಗತೈತೇನ್ರಿ? ಮದುವಿ ಸೀರಿ ಅದಾವು. ಮುಂಜಾನೆ ಒಂಬತ್ತಕ್ಕ ಶುರು ಮಾಡಿದ್ರ ಒಂದರ ತನಕ ಬಿಡಂಗಿಲ್ಲ. ಅವತ್ತ ಅಜ್ಜ ಬಂದಾಗ ಒಮ್ಮೆ ನಿಂದರಿಸಿದ್ದೆ, ಅಷ್ಟ."

"ಅಜ್ಜ ಬಂದಿದ್ದನ? ಎಷ್ಟೊತ್ತಿಗೆ?"

"ಹನಮಂತ ಹೋಗಿ ಅರ್ಧ ತಾಸು ಆಗಿತ್ತು. ಗ್ವಾಡಿ ಹಿಡಕೊಂಡು ಬಂದು ಬಾಗಲಾಗ ನಿಂತ. ಪಾಪ, ನಾಕು ಹೆಜ್ಜಿ ನಡದ್ರ ಮಾತು ಹೊರಡ್ತಿದ್ದಿಲ್ಲ. ಮಗ್ಗದ ಸಪ್ಪಳದಾಗ ಕೈ ಮಾಡಿ ತೋರಿಸಿದ. ಕಿವಿ ಒಡದು ಹೋಗಾಕತ್ತಾವ, ಗಾಲಿ ನಿಲ್ಲಸು ಅಂತ. ನಿಲ್ಲಸಿದೆ. ಅವ ಹಂಗ ನನ್ನ ಮಾರಿ ನೋಡಿದ. ಆಮ್ಯಾಲೆ ಹೊಳ್ಳಿ ಹೋದ."

"ಕೈ ಹೆಂಗ ಮಾಡಿದ? ಮಾಡಿ ತೋರಸವ್ವ."

ಕಸ್ತೂರೆವ್ವ ಎಡಗೈ ಮುಷ್ಟಿ ಮಾಡಿ ಕಿವಿಗೆ ಒತ್ತಿಕೊಂಡಳು. ಬಲಗೈಯನ್ನು ಎದೆಯ ಮುಂದೆ ಗರಗರ ತಿರುಗಿಸಿದಳು. ಗಾಳೆಪ್ಪ ಅವಳಿಂದ ಅದನ್ನು ಎರಡು ಸಲ ಮಾಡಿಸಿದ. ಆಮೇಲೆ ಟಂಟಂ ಹತ್ತಿ ಕೂತ. "ಲೇ ದುರ್ಗ್ಯಾ, ಲಕ್ಷ್ಮೇಶ್ವರಕ್ಕ ನಡಿ."

"ಲಕ್ಷ್ಮೇಶ್ವರಕ್ಕ? ಈ ಗಾಡಿ ಮ್ಯಾಲೆ? ಕಾಕಾ, ನಿನಗ ನನ್ನ ಟೊಂಕದ ಮ್ಯಾಲೆ ಏನಾರ ದ್ವೇಷ ಐತೇನು?"

ಬೈಯುತ್ತಲೇ ಹೊರಟ. ದಾರಿಯುದ್ದಕ್ಕೂ ಗಾಳೆಪ್ಪ ಒಂದೇ ಒಂದು ಪ್ರಶ್ನೆ ಕೇಳಿದ: "ಆ ಫೋನಿನ ಮಾತನ್ನ ನೀ ಒಂದ ಉಸರಿನಾಗ ಹೇಳಬಲ್ಲೇನು?" ದುರ್ಗೇಶ ಹಟಕ್ಕೆ ಬಿದ್ದು ಹೇಳಿ ನೋಡಿದ. 'ಬಾಯಿಲ್ಲ' ಎಂಬಲ್ಲಿಗೆ ದಮ್ಮು ಕಟ್ಟಿ ಕೆಮ್ಮು ಬಂತು. "ಬೀಡಿ ಬಿಡು," ಎಂದ ಗಾಳೆಪ್ಪ.

ಲಕ್ಷ್ಮೇಶ್ವರದ ಅಂಬರೀಶ ಸಕ್ರಪ್ಪನ ಸನ್ಮಾನ ಸಮಿತಿಯ ಮುಖ್ಯಸ್ಥ. ಹಳೆಯ ನಾಟಕದ ಗ್ರಾಮಫೋನ್ ತಟ್ಟೆ, ಟೇಪು, ಕರಪತ್ರ ಕೂಡಿಸುವ ಹುಚ್ಚಿನ ಮನುಷ್ಯ. ಸನ್ಮಾನಕ್ಕೆ ಗೊತ್ತುಮಾಡಿದ್ದ ದಿನವೂ ಸಕ್ರಪ್ಪ ಸತ್ತ ಆ ಗುರುವಾರವೇ. ತಂದ ಹಾರ ಹೆಣದ ಮೇಲೆ ಬಿತ್ತು. ದುರ್ಗೇಶನಿಗೆ ಆಗಲೇ ಅನುಮಾನ ಗಟ್ಟಿಯಾಯಿತು. ಮಗಳು ಬುಧವಾರ ಮುಂಡರಗಿಗೆ ಕರೆದೊಯ್ದಿದ್ದರೆ ಇವನ ವೇದಿಕೆ ಖಾಲಿ. ಬೇರೆ ಯಾರು ಮಾಡಿಯಾರು?

"ಸಕ್ರಪ್ಪನ ರೇಡಿಯೋ ದನಿ ಏನಾರ ಸಿಕ್ಕೈತೇನ್ರಿ ನಿಮಗ?" ಎಂದ ಗಾಳೆಪ್ಪ.

ಅಂಬರೀಶನ ಕಣ್ಣು ಅರಳಿದವು. "ಒಂದ ಒಂದು ಸಿಕ್ಕೈತಿ. ಅರವತ್ತನಾಕನೇ ಇಸವಿದು. ಆ ನಾಟಕ ಬರದವರ ಮನಿ ಅಟ್ಟದ ಮ್ಯಾಲೆ ಬಿದ್ದಿತ್ತು. ಶಿರಹಟ್ಟಿ ನಯಾಜ ಹಳೇ ಮಷಿನ್ ರಿಪೇರಿ ಮಾಡಿ, ಟೇಪಿನ್ಯಾಗಿದ್ದದ್ದನ್ನ ಫೋನಿಗೆ ಇಳಿಸಿಕೊಟ್ಟ. ಹೋದ ತಿಂಗಳದ ಮಾತು."

"ಯಾರ ಯಾರಿಗೆ ಕಳಿಸಿದ್ರಿ?"

"ನಯಾಜನ ಕಡೆ ಐತಿ, ನನ್ನ ಕಡೆ ಐತಿ. ಅಜ್ಜ ಕೇಳಲಿ ಅಂತ ಹನಮಂತನ ಫೋನಿಗೆ ಕಳಿಸಿದ್ದೆ. ಸನ್ಮಾನದ ದಿನಾನ ಎಲ್ಲಾರಿಗೂ ಕೇಳಸೋಣ ಅಂತ ಮಗಳಿಗೂ ಹೇಳಿದ್ದಿಲ್ಲ."

"ಬುಧವಾರ ನೀವಿಬ್ರೂ?"

"ಶಿರಹಟ್ಟಿಯೊಳಗ, ನಯಾಜನ ಅಂಗಡ್ಯಾಗ. ಮುಂಜಾನಿಂದ ಮೂರರ ತನಕ ಇಬ್ರೂ ಸ್ಪೀಕರ್ ಜೋಡಸ್ತಿದ್ವಿ."

ಬರುವಾಗ ಶಿರಹಟ್ಟಿಗೆ ಹೋಗಿ ಕೇಳಿದರೆ ನಯಾಜನೂ ಅದನ್ನೇ ಹೇಳಿದ, ಅಕ್ಕಪಕ್ಕದ ಅಂಗಡಿಯವರೂ ಹೌದೆಂದರು. ದುರ್ಗೇಶನ ಗಟ್ಟಿ ಅನುಮಾನ ಅಲ್ಲೇ ಪುಡಿಯಾಯಿತು.

ಐತವಾರ ಮಧ್ಯಾಹ್ನ ಸಕ್ರಪ್ಪನ ಕೋಣೆಯಲ್ಲಿ ಎಲ್ಲರೂ ಕೂಡಿದರು. ಸಾವಿತ್ರೆವ್ವ ತಂದೆಯ ಹಾಸಿಗೆಯ ತುದಿಯಲ್ಲಿ ಕೂತಿದ್ದಳು. ಹನಮಂತ ಬಾಗಿಲ ಬಳಿ. ಕಸ್ತೂರೆವ್ವ ಮಗ್ಗ ಚಾಲೂ ಬಿಟ್ಟೇ ಬಂದಿದ್ದಳು, ಅದು ಗಾಳೆಪ್ಪ ಹೇಳಿದ್ದಕ್ಕೆ. ಆಚೆ ಅವಳ ಸೊಸೆ ಇದ್ದಳು. ಅಂಬರೀಶ ಮತ್ತು ನಯಾಜ ಪೆಟ್ಟಿಗೆಯಂಥ ಟೇಪ್ ಮಷಿನ್ನನ್ನು ಹೊತ್ತು ತಂದು ಸ್ಟೂಲಿನ ಮೇಲೆ ಇಟ್ಟಿದ್ದರು.

ಗಾಳೆಪ್ಪ ದುರ್ಗೇಶನ ಫೋನನ್ನು ಹಿಡಿದು, ಒತ್ತಿ, "ಬರಬ್ಯಾಡ ಮಗಳ," ಎಂದ. ತಿರುಗಿ ಕೇಳಿಸಿದ. ಮಾತಿಗಿಂತ ಮಗ್ಗವೇ ಜೋರಾಗಿ ಕೇಳಿತು. ಆಮೇಲೆ ಸಾವಿತ್ರೆವ್ವನ ಫೋನಿನಲ್ಲಿದ್ದುದನ್ನು ಕೇಳಿಸಿದ. ಸತ್ತವನ ದನಿಯ ಹಿಂದೆ ಏನೇನೂ ಇರಲಿಲ್ಲ.

"ಕಸ್ತೂರೆವ್ವ, ಈಗ ನಿಲ್ಲಸವ್ವ ಮಗ್ಗಾನ," ಎಂದ. ನಿಂತಿತು.

"ಬುಧವಾರ ಒಂಬತ್ತರಿಂದ ಮಗ್ಗ ಬಡೀತಿತ್ತು. ಒಂದ ಸಲ ನಿಂತಿದ್ದು, ಅಜ್ಜ ಕಸ್ತೂರೆವ್ವನ ಮುಂದನ ಇದ್ದಾಗ. ಅಂದ್ರ ಇದನ್ನ ಹಿಡದಿದ್ದು ಈ ಮನ್ಯಾಗ ಅಲ್ಲ. ಆ ಹೊತ್ತಿಗೆ ಅಜ್ಜನ ಫೋನು ಈ ಮನ್ಯಾಗ ಇದ್ದಿಲ್ಲ. ಇದ್ದಿಲ್ಲಂತ ಅಜ್ಜನ ಹೇಳ್ಯಾನ."

"ಯಾರಿಗೆ?" ಎಂದಳು ಕಸ್ತೂರೆವ್ವ.

"ನಿನಗ. ಮಾಡಿ ತೋರಸಿದೆಲ್ಲ." ಗಾಳೆಪ್ಪ ಎಡ ಮುಷ್ಟಿ ಕಿವಿಗೊತ್ತಿ, ಬಲಗೈ ಎದೆಯ ಮುಂದೆ ಗರಗರ ತಿರುಗಿಸಿದ. "ಮದ್ರಾಸಿನ್ಯಾಗ ಪೋಸ್ಟ್‌ಮಾಸ್ತರನ ಪಾತ್ರ ಮಾಡಿದಾಗ ಅವ ಹತ್ತು ಸಲ ಹಿಂಗ ಮಾಡ್ಯಾನ. ಆಗಿನ ಫೋನಿಗೆ ಹಿಡಿಕಿ ಇರತಿತ್ತು. ತಿರುವಬೇಕು, ಕಿವಿಗೆ ಹಚ್ಚಬೇಕು. ಉಸರು ಇದ್ದಿಲ್ಲ, ಮಗ್ಗದ ಸಪ್ಪಳ, ಅದಕ್ಕ ಕೈಲೆ ಮಾಡಿ ಕೇಳಿದ. ನನ್ನ ಫೋನಿಲ್ಲ, ನಿನ್ನ ಫೋನು ಕೊಡು, ಮಗಳಿಗೆ ಮಾತಾಡಬೇಕು ಅಂತ."

ಕಸ್ತೂರೆವ್ವ ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯ ಶಿವನ! ನಾ ಗಾಲಿ ಅಂತ ತಿಳಕೊಂಡ್ನೆಲ್ಲರಿ!"

"ನಿನ್ನ ತಪ್ಪಲ್ಲವ್ವ. ನಿನ್ನ ವಯಸ್ಸಿನವರು ಅಂಥ ಫೋನು ನೋಡಿಲ್ಲ." ಗಾಳೆಪ್ಪ ಸಾವಿತ್ರೆವ್ವನ ಕಡೆ ತಿರುಗಿದ. "ಇನ್ನ ದನಿ. ದನಿ ಅಪ್ಪಂದ. ಆದ್ರ ತೊಂಬತ್ತೆರಡರ ಅಪ್ಪಂದಲ್ಲ. ಪರದೆ ಹಿಂದ ನಿಂತವ ನಾ. ನಟ ಎಲ್ಲಿ ಉಸರು ತಗೋತಾನೋ ಅಲ್ಲೇ ಮುಂದಿನ ಮಾತು ಎತ್ತಿಕೊಡಬೇಕು. ಅದಕ್ಕ ನನ್ನ ಕಿವಿ ಮೊದಲ ಉಸರು ಎಣಸತೈತಿ. ಮಂಗಳವಾರ ಎರಡ ಮಾತಿಗೊಮ್ಮೆ ನಿಂತಾವ, ಬುಧವಾರ ಅಷ್ಟುದ್ದ ಮಾತು ನಡುವ ಒಮ್ಮೆನೂ ಉಸರು ತಗೊಳ್ಳದ ಹೇಳ್ಯಾನ. ನಮ್ಮ ದುರ್ಗ್ಯಾನ ಕೈಲೆ ಆಗಲಿಲ್ಲ. ದನಿಗೆ ತೊಂಬತ್ತು, ಎದಿಗೆ ಮೂವತ್ತು. ಅದು ಅರವತ್ತನಾಕರ ರೇಡಿಯೋ ನಾಟಕ. ಅದಕ್ಕೂ ಮೊದಲು ಅದನ್ನ ನಾವು ರಂಗದ ಮ್ಯಾಲೆ ಆಡಿದ್ವಿ, ಪುಸ್ತಕ ಹಿಡದು ನಿಂತಾವ ನಾನ. ಮೊದಲ ಸಲ ಕೇಳಿದಾಗ ಗುರುತು ಹತ್ತಿತ್ತು."

ದುರ್ಗೇಶನಿಗೆ ಆ ತುಟಿಗಳ ನೆನಪಾಯಿತು. ಥೂ ನನ್ನ ಮಬ್ಬು ತಲೆ ಎಂದು ತನ್ನನ್ನೇ ಬೈದುಕೊಂಡ.

"ದನಿ ಗೊತ್ತಿತ್ತು, ಕಳಿಸಿದವ ಯಾರಂತ ಗೊತ್ತಿದ್ದಿಲ್ಲ. ಮೂರ ಮಂದಿ ಕಡೆ ಅದು ಇತ್ತು. ಇಬ್ರು ಅವತ್ತ ಶಿರಹಟ್ಟಿ ಬಿಟ್ಟು ಬಂದಿಲ್ಲ. ಮೂರನೇದಾವ ಹತ್ತೂವರಿಗೆ ಮನಿ ಬಿಟ್ಟ. ಫೋನು ದಿಂಬಿನ ಬುಡಕಿತ್ತು ಅಂದ. ಅಲ್ಲಿದ್ದಿದ್ರ ಅಜ್ಜ ಗ್ವಾಡಿ ಹಿಡಕೊಂಡು ಪಕ್ಕದ ಮನಿಗೆ ಯಾಕ ಹೋಗತಿದ್ದ, ಹನಮಂತ?"

ಹನಮಂತ ಓಡಲಿಲ್ಲ, ಅಳಲೂ ಇಲ್ಲ. ಬಾಗಿಲಿಗೆ ಆತು ಹಾಗೇ ಕುಕ್ಕರಗಾಲಲ್ಲಿ ಕೂತ.

"ಮಲ್ಲಸಮುದ್ರದ ದಾರ್ಯಾಗ ಒಂದು ಹೊಲದ ಬದುವಿಗೆ ಕುಂತು ಮಾಡಿದೆ," ಎಂದ. "ನನ್ನ ಫೋನಿನ್ಯಾಗ ಹಚ್ಚಿ ಅವನ ಫೋನಿಗೆ ಹಿಡದೆ. ಆಮ್ಯಾಲೆ ಅದನ್ನ ಬಂದ್ ಮಾಡಿಟ್ಟೆ. ಅಕ್ಕ, ಇಪ್ಪತ್ತೆರಡು ವರ್ಷ ನಾ ಅವನ್ನ ತೊಳದೀನಿ, ಉಣಸೀನಿ. ನೀ ಹಬ್ಬಕ್ಕ ಬಂದು ಹೋಗಾಕಿ. ಕಡೀಕ ಒಂದ ಫೋನ್ ಮಾಡಿ ನಿನ್ನ ಕರದ. ನನ್ನ ಕೇಳಲೂ ಇಲ್ಲ. ಅವ ಹೋದ್ರ ನಾ ಈ ಮನ್ಯಾಗ ಯಾರಿಗೆ ಅನ್ನ ಮಾಡ್ಲಿ? ಎಲ್ಡು ದಿನಾ ನಿಂದರಲಿ ಅಂತ ಮಾಡಿದೆ. ಅಷ್ಟರಾಗ ಹೋಗ್ತಾನಂತ ನನಗೇನು ಗೊತ್ತು?"

"ಅಪ್ಪಗ ಏನಂದಿ?"

"ಅಕ್ಕ ಶುಕ್ರವಾರ ಬರತಾಳಂತ ಅಂದೆ. 'ಹೌದಾ' ಅಂದ. ದಾಡಿ ಮಾಡಸು ಅಂದ. ಮಾಡಿಸಿದೆ."

ಸಾವಿತ್ರೆವ್ವ ಅವನ ಕಡೆ ತಿರುಗಿದಳು. ಬೈಯುತ್ತಾಳೆ, ಮೈಮೇಲೆ ಬೀಳುತ್ತಾಳೆ ಎಂದು ದುರ್ಗೇಶ ಅರ್ಧ ಎದ್ದು ನಿಂತಿದ್ದ.

"ಕಡೀಕ ನೀರು ಯಾರು ಹಾಕಿದ್ರು?" ಎಂದಳು.

"ನಾನ."

"ಕುಡದ್ನ?"

"ಎರಡ ಗುಟುಕು."

"ಆತು," ಎಂದಳು. ಅಷ್ಟೇ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ. ಎದ್ದು ಹೋಗಲು ಚೀಲ ಎತ್ತಿಕೊಂಡಳು. ತಿಳಿಯಬೇಕಾದ್ದು ತಿಳಿದಿತ್ತು, ಮುಖ ಮಾತ್ರ ಬಂದಾಗ ಹೇಗಿತ್ತೋ ಹಾಗೇ ಇತ್ತು. ದುರ್ಗೇಶ ಗಾಳೆಪ್ಪನ ಮುಖ ನೋಡಿದ. ಇಷ್ಟೆಲ್ಲ ಓಡಾಡಿ ಈ ಹೆಂಗಸಿಗೆ ಕೊಟ್ಟದ್ದಾದರೂ ಏನು?

"ಕುಂಡ್ರವ್ವ, ಇನ್ನೂ ಮುಗಿದಿಲ್ಲ," ಎಂದ ಗಾಳೆಪ್ಪ. "ಹನಮಂತ, ನೀ ಎಲ್ಲಿ ನಿಲ್ಲಿಸಿದಿ?"

"'ನನ್ನ ಮಣ್ಣು ನನಗ' ಅನ್ನೋದ್ರಾಗ."

"ಮುಂದಿಂದು ಕೇಳಿದ್ದಿಲ್ಲೇನು?"

ಹನಮಂತ ತಲೆ ತಗ್ಗಿಸಿದ. "ಕೇಳಿದ್ದೆ."

ಗಾಳೆಪ್ಪ ಸಾವಿತ್ರೆವ್ವನ ಪಕ್ಕಕ್ಕೆ ಬಂದು ನಿಂತ. "ನಾಟಕದಾಗ ಮಗಳು ಮುಚ್ಚಿದ ಬಾಗಲದ ಹೊರಗ ನಿಂತಿರತಾಳ. ಮುದುಕ ಒಳಗಿಂದ ಇಷ್ಟು ಬೈತಾನ. ಬೈದು ಉಸರು ತಗೋತಾನ. ಆಮ್ಯಾಲೆ ಇನ್ನೊಂದು ಮಾತೈತಿ. ಪುಸ್ತಕದಾಗ ಬರದಿದ್ದು 'ಹೋದೆಯಾ ಮಗಳೇ' ಅಂತ. ನೂರು ಸಲ ಎತ್ತಿಕೊಟ್ಟೀನಿ, ರಂಗದ ಮ್ಯಾಲೆ ಅವ ಹಂಗ ಅಂತಿದ್ದ. ರೇಡಿಯೋದಾಗ ಮಾತ್ರ ಬ್ಯಾರೆ ಅಂದ. ಬರದವ್ರು ಬೈದ್ರು. 'ಏನ್ ಮಾಡ್ಲಿರಿ, ಮನ್ಯಾಗ ಹತ್ತು ತಿಂಗಳ ಕೂಸು ಐತಿ, ಬಾಯಿಗೆ ಅದ ಬಂತು' ಅಂದ. ಆ ಒಂದು ಮಾತು ನಾಟಕದ್ದಲ್ಲವ್ವ. ಅದು ಅವಂದ."

ನಯಾಜ ಗುಂಡಿ ಒತ್ತಿದ. ಟೇಪಿನ ಗಾಲಿಗಳು ತಿರುಗಿದವು. ಸರಸರ ಸದ್ದಿನೊಳಗಿಂದ ಅದೇ ದನಿ, ಅದೇ ಬೈಗುಳ, ಒಂದೇ ಉಸಿರಿನಲ್ಲಿ ಬಂತು. '...ನಿನ್ನ ಮನಿ ನಿನಗ, ನನ್ನ ಮಣ್ಣು ನನಗ!' ಗಾಳೆಪ್ಪನ ಕೈ ಮೇಲೆದ್ದಿತು. ಟೇಪಿನೊಳಗೆ ಮೂವತ್ತೊಂದರ ಎದೆ ಉದ್ದಕ್ಕೆ ಉಸಿರೆಳೆದುಕೊಂಡಿತು. ಕೈ ಕೆಳಗಿಳಿಯಿತು.

'ಹೋದ್ಯಾ?' ಎಂದಿತು ದನಿ. ನಡುಕವಿರಲಿಲ್ಲ, ದವಡೆಯ ಹತ್ತಿಯನ್ನೂ ಮರೆತವನ ಹಾಗಿತ್ತು. 'ಹೋಗಬ್ಯಾಡ, ಯವ್ವಾ.'

ಸಾವಿತ್ರೆವ್ವನ ಕೈಯಿಂದ ಚೀಲ ಜಾರಿ ಬಿತ್ತು.

"ಹೋಗಿಲ್ಲಪ್ಪಾ," ಎಂದಳು ಆ ಪೆಟ್ಟಿಗೆಗೆ. "ಇಲ್ಲೇ ಅದೀನಿ." ಆಮೇಲೆ ಹನ್ನೊಂದು ದಿನದ ಅಳು ಒಮ್ಮೆಗೇ ಬಂತು. ಮೊದಲು ಎದ್ದವನು ಹನಮಂತ. ಒಳಗೆ ಹೋಗಿ ಒಂದು ಲೋಟ ನೀರು ತಂದು ಆಕೆಯ ಮುಂದೆ ಹಿಡಿದು ನಿಂತ. ಸಾವಿತ್ರೆವ್ವ ಅಳುತ್ತಲೇ ನೋಡಿದಳು, ಲೋಟ ತೆಗೆದುಕೊಂಡಳು, ಎರಡು ಗುಟುಕು ಕುಡಿದಳು.